ಹೆಬ್ಬೆರಳಿನಷ್ಟು ಜಾಗ

ನಬುವಾ ಶಿಬಿರದ ಶಸ್ತ್ರಕೋಣೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ನನ್ನದು ಇದೇ ಕೆಲಸ:
ಕಡಲಾಚೆ ಹೋಗುವ ರೈಫಲ್ಲುಗಳನ್ನು ಎಣಿಸಿ ಕಳಿಸುವುದು,
ಬಂದವನ್ನು ಎಣಿಸಿ ಒಳಗಿಡುವುದು.
ಮನುಷ್ಯರ ಲೆಕ್ಕಕ್ಕೆ ಬೇರೆ ಕಚೇರಿ ಇದೆ.

ಧೂಳು ನೋಡಿ ಹೇಳಬಲ್ಲೆ ಯಾವುದು ಎಲ್ಲಿತ್ತೆಂದು.
ಸಿನಾಯಿಯದು ಜರಡಿ ಹಿಡಿದ ಹಿಟ್ಟು, ಊದಿದರೆ ಹೋಗುತ್ತದೆ.
ಲೆಬನಾನಿನದು ಕೆಂಪು, ತುಸು ಜಿಡ್ಡು,
ಆಲಿವ್ ಮರದ ಬುಡದಲ್ಲಿ ಕೂತು ಬಂದ ಹಾಗೆ.
ಗೋಲಾನಿನದು ಕರಿ; ಉಗುರಿನ ಸಂದಿಗೆ ಸೇರಿತೆಂದರೆ
ಭಾನುವಾರ ಚರ್ಚಿಗೂ ಜೊತೆಗೇ ಬರುತ್ತದೆ.
ಬಾಗ್ದಾದಿನದರ ಮಾತು ಬೇಡ,
ಮೂರು ಸಲ ಒರೆಸಿದ ಮೇಲೂ ಬಿಳಿ ಬಟ್ಟೆಗೆ
ಇದ್ದೇನೆ ಅನ್ನುತ್ತದೆ.

ಒಬ್ಬೊಬ್ಬರದೂ ಒಂದೊಂದು ಚಾಳಿ.
ಹಿಂಬದಿಯ ಪೊಳ್ಳಿನಲ್ಲಿ ಕುಂಚದ ಬದಲು ಸಿಗರೇಟು,
ಹಲ್ಲುನೋವಿಗೆ ಲವಂಗ, ಯಾರದೋ ಕವಡೆ.
ಲಂಬಾಸಾದ ರಘುವೀರ ಕಬ್ಬಿನ ಗಿಣ್ಣೊಂದನ್ನು ತುರುಕಿದ್ದ;
ಆರು ತಿಂಗಳಿಗೆ ಅದು ಕಟ್ಟಿಗೆ.
ಇರುವೆಗಳು ಮಾತ್ರ ನಂಬಿಕೊಂಡು ಬಂದಿದ್ದವು.

ಕಳೆದ ಜೂನಿನಲ್ಲಿ ಪೆಟ್ಟಿಗೆ ತೆರೆದಾಗ
ನೂರ ಹನ್ನೆರಡಕ್ಕೆ ನೂರ ಹನ್ನೆರಡೂ ಇದ್ದವು.
ನೂರ ಹನ್ನೊಂದಕ್ಕೆ ಧೂಳಿತ್ತು.

ಆರು ಸೊನ್ನೆ ಮೂರು ಏಳು. ವಿಲಿಕೆಸಾ.
ಇಡೀ ದಳದಲ್ಲಿ ನನ್ನ ಬೈಗುಳ ಹೆಚ್ಚು ತಿಂದ ಸೋಮಾರಿ.
ಅವನ ರೈಫಲ್ಲು ಬಂದದ್ದು
ಆಗಷ್ಟೇ ಮೀಯಿಸಿ ಒರೆಸಿದ ಕೂಸಿನಂತೆ.
ನಳಿಗೆಯೊಳಗೆ ಬೆಳಕು ಸುತ್ತಿ ಸುತ್ತಿ ಆಚೆ ಹೊರಟಿತು.
ಕ್ಯಾಪ್ಟನ್ ಬಗ್ಗಿ ನೋಡಿದರು, ಮೆಚ್ಚಿದರು.
ಕೊಟ್ಟ ಗುಂಡು ನೂರ ಎಂಬತ್ತು. ತಂದದ್ದೂ ನೂರ ಎಂಬತ್ತು.
‘ಸ್ಥಿತಿ: ಉತ್ತಮ’. ಠಸ್ಸೆ ಬಿತ್ತು.

ರಾತ್ರಿ ಒಬ್ಬನೇ ದೀಪದ ಕೆಳಗೆ ಹಿಡಿದಾಗ ಕಂಡಿತು.
ಸೇಫ್ಟಿ ಕೀಲಿನ ಮೇಲೆ ಹೆಬ್ಬೆರಳಿನಷ್ಟು ಜಾಗ
ಕಪ್ಪೆಲ್ಲ ಸವೆದು ಬೆಳ್ಳಗೆ,
ರಾಣಿಯ ಮುಖ ಅಳಿಸಿಹೋದ ಹಳೆ ನಾಣ್ಯದ ಹಾಗೆ.
ನೂಕಿದೆ, ತೆರೆಯಿತು. ಎಳೆದೆ, ಮುಚ್ಚಿತು.
ಸದ್ದೇ ಇಲ್ಲ.
ಹೊಸ ಕೀಲು ಹಲ್ಲಿಯಂತೆ ಲೊಚಗುಟ್ಟುತ್ತದೆ.
ಒಂದು ಹಲ್ಲಿಯ ಬಾಯಿ ಮುಚ್ಚಿಸಲು
ಎಷ್ಟು ರಾತ್ರಿ ಬೇಕು?
ಲೆಕ್ಕ ಹಾಕಲು ಕೂತೆ, ಎಣಿಸುವುದೇ ನನ್ನ ಕಸುಬು ತಾನೆ,
ಎಲ್ಲೋ ತಪ್ಪಿತು, ಬಿಟ್ಟೆ.

ನೌಸೋರಿ ಸೇತುವೆ ದಾಟಿ ಅವನ ಮನೆಗೆ ಹೋದೆ.
ಚಾಪೆ ಹಾಸಿದರು, ಯಂಗೋನ ಕದಡಿದರು,
ಬೇಯಿಸಿದ ಕೆಸುವಿನ ಗಡ್ಡೆ ತಂದಿಟ್ಟರು.
ರಗ್ಬಿಯ ಮಾತು. ಕೆಟ್ಟ ದೋಣಿ ಇಂಜಿನ್ನಿನ ಮಾತು.
ತೆಂಗಿನ ಚಿಪ್ಪು ಅವನ ಸರದಿಗೆ ಬಂತು.
ಒಮ್ಮೆ ಚಪ್ಪಾಳೆ ತಟ್ಟಿ, ಒಂದೇ ಗುಟುಕಿಗೆ ಕುಡಿದ,
ಚಿಪ್ಪು ಹಿಂದೆ ಕೊಡಲಿಲ್ಲ.
ಹೆಬ್ಬೆರಳು ಅದರ ಅಂಚಿನ ಮೇಲೆ
ಮುಂದೆ, ಹಿಂದೆ. ಮುಂದೆ, ಹಿಂದೆ.
ಅವನಿಗೆ ಗೊತ್ತಿರಲಿಲ್ಲ.
ಸುತ್ತ ಕೂತವರಿಗೆ ಗೊತ್ತಿತ್ತು;
ಮೂರು ಚಪ್ಪಾಳೆಗೆ ಎತ್ತಿದ ಕೈ ಎತ್ತಿದಂತೆಯೇ
ಕಾದರು.

‘ಚೆಕ್‌ಪೋಸ್ಟಿಗೆ ರಾತ್ರಿ ಗಾಡಿ ಬಂದರೆ,’ ಅಂದ, ಯಾರೂ ಕೇಳದೆ,
‘ದೀಪ ಆರಿಸಿಕೊಂಡೇ ಬರುತ್ತಿದ್ದರು.
ನಿಲ್ಲಿಸಿ ನೋಡಿದರೆ ಟೊಮೇಟೊ.’
ಎಲ್ಲರೂ ನಕ್ಕರು. ಅವನೂ ನಕ್ಕ.
‘ಪ್ರತಿ ಸಲವೂ ಟೊಮೇಟೊ.’

ಬಾಗಿಲವರೆಗೆ ಬಂದು ಕೇಳಿದ:
‘ಅದು ಈಗ ಯಾರ ಹತ್ತಿರ ಇದೆ?’
‘ಗೂಡಿನಲ್ಲೇ ಇದೆ,’ ಅಂದೆ.
ಸುಳ್ಳು. ಲಾವು ದ್ವೀಪದ ಮೆರೆವಲೇಸಿಗೆ ಕೊಟ್ಟಾಗಿತ್ತು,
ಮುಂದಿನ ತಂಡ, ಸೋಮವಾರದ ವಿಮಾನ.
‘ಕೀಲು ಸಡಿಲ, ಸಾರ್ಜೆಂಟ್,’ ಎಂದು ದೂರಿದ್ದಳು ಹುಡುಗಿ,
‘ಉಸಿರು ತಾಗಿದರೂ ಸರಿಯುತ್ತೆ.’
ಹೊಸದು ಹಾಕಿಕೊಟ್ಟೆ. ಲೊಚ್ ಎಂದಿತು.
ಅವಳಿಗೆ ಸಮಾಧಾನವಾಯಿತು.

ಹಳೆಯದು ನನ್ನ ಜೇಬಿನಲ್ಲಿತ್ತು,
ಅವನಿಗೆ ಕೊಡೋಣವೆಂದೇ ತಂದಿದ್ದೆ.
ಕೊಡಲಿಲ್ಲ.
ಬಸ್ಸು ತಡ. ನಿಲ್ದಾಣದಲ್ಲಿ
ಜೇಬಿನೊಳಗೆ ಕೈಯಿಟ್ಟು ನಿಂತಿದ್ದೆ.
ಬೆಂಚಿನ ಮೇಲಿದ್ದ ಮುದುಕಿ ಬಹಳ ಹೊತ್ತು ನೋಡಿ ಕೇಳಿದಳು:
‘ಏನಪ್ಪಾ, ಚಿಲ್ಲರೆ ಎಣಿಸುತ್ತಿದ್ದೀಯಾ?’