ಬಿಳಿ ಕಾರ್ಡು

ಆ ಫ್ಯಾನಿನ ಕೆಳಗೆ ಕೂರಬೇಡ, ಅದು ತಿರುಗುವುದಿಲ್ಲ.
ಇಲ್ಲಿ ಬಾ, ಕಿಟಕಿಯ ಹತ್ತಿರ. ಟೋಕನ್ ಎಷ್ಟು?
ನಲವತ್ತೊಂದಾ? ಹಾಗಾದರೆ ಊಟದ ಹೊತ್ತು ದಾಟುತ್ತದೆ.
ಉಪ್ಪಳದ ಈ ಆಫೀಸಿಗೆ ನಾನು ಬರುವುದು ಏಳನೇ ಸಲ;
ಮೆಟ್ಟಿಲಲ್ಲಿ ಮಲಗುವ ನಾಯಿಗೂ ನನ್ನ ಚಪ್ಪಲಿಯ ಗುರುತಿದೆ.

ಕಾರ್ಡು ತೋರಿಸು. ಹ್ಞಾಂ, ನನ್ನದರ ಹಾಗೆಯೇ.
ಮೊನ್ನೆವರೆಗೆ ಗುಲಾಬಿ, ಈಗ ಬಿಳಿ.
ಒಗೆದು ಬಣ್ಣ ಹೋದದ್ದಲ್ಲ ಮಾರಾಯ್ತಿ,
ಯಾರೋ ಬಂದು ಮನೆ ಅಳೆದುಹೋದರು.
ಬೀಡಿ ಕಟ್ಟಲು ಇಳಿಸಿದ ತಗಡಿನ ಮಾಡನ್ನೂ
ಟೇಪಿನೊಳಗೆ ಸೇರಿಸಿದರು:
ಸಾವಿರದ ಹನ್ನೆರಡು ಚದರಡಿ.
ಆ ಹನ್ನೆರಡರಲ್ಲಿ ನಾನು ಸಿರಿವಂತೆಯಾದೆ.
ಪಾಯಸ ಮಾಡಬೇಕಿತ್ತು ಅವತ್ತು,
ಅಕ್ಕಿ ಇರಲಿಲ್ಲ.

ನನ್ನವರು ದೂಮಪ್ಪ ಗಟ್ಟಿ.
ಕಾರ್ಡಿನ ಮಲಯಾಳದಲ್ಲಿ ಕಟ್ಟಿ.
ವಿಮೆಯ ಕಾಗದದಲ್ಲಿ ಬರೀ ದೂಮನ್.
ವಾರಕ್ಕೆರಡು ಸಲ ಯಂತ್ರಕ್ಕೆ ರಕ್ತ ಕೊಟ್ಟು
ತಿರುಗಿ ಇಸಕೊಳ್ಳುವ ಮನುಷ್ಯ
ಈ ಮೂವರಲ್ಲಿ ಯಾರು ಎಂದು ಕೇಳುತ್ತದೆ ಕಂಪ್ಯೂಟರು.
ತಲಪಾಡಿ ದಾಟಿದರೆ ಆಸ್ಪತ್ರೆಗಳು ಸಾಲುಸಾಲು,
ನಮ್ಮ ಮಾತಲ್ಲೇ "ಕೂತ್ಕೊಳ್ಳಿ ಅಮ್ಮ" ಎನ್ನುತ್ತಾರೆ,
ವಿಮೆ ಮಾತ್ರ ಗೇಟಿನ ಈಚೆಯೇ ಬಸ್ಸಿಳಿಯುತ್ತದೆ.
ಈಚೆ ಬಂದರೆ ವಿಮೆ ನಡೆಯುತ್ತದೆ,
ಯಂತ್ರ ಖಾಲಿ ಇಲ್ಲ.

ಹಸಿವನ್ನು ಬಿಡು. ಗಂಜಿಗೆ ನೀರು ಹೆಚ್ಚು ಹೊಯ್ದರೆ
ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.
ಚಳಿಯೇ ಕಷ್ಟ.
ನಗಬೇಡ. ಮೇ ತಿಂಗಳು, ಅಂಗಳದಲ್ಲಿ ಮೀನು ಒಣಗುವ ಬಿಸಿಲು,
ಯಂತ್ರದಿಂದ ಎದ್ದು ಬಂದ ರಾತ್ರಿ
ಇವರ ಹಲ್ಲು ಕಟಕಟ.
ಎರಡು ಕಂಬಳಿ, ಮಗಳ ಮದುವೆಗೆ ಹಾಸಿದ ಜಮಖಾನ,
ಅದರ ಮೇಲೆ ನನ್ನ ಸೀರೆ. ಸಾಲದು.
ನೀರು ಕಾಯಿಸಿ ಬಾಟಲಿಗೆ ತುಂಬಿ
ಪಾದದ ಬುಡದಲ್ಲಿಡಬೇಕು, ಗಂಟೆಗೊಮ್ಮೆ ಬದಲಿಸಬೇಕು.
ಗ್ಯಾಸಿನ ಬೆಲೆ ನಿನಗೆ ಗೊತ್ತು.
ಸೀಮೆಎಣ್ಣೆ ಎಂದರೆ ರೇಷನ್ ಅಂಗಡಿಯವನು
ಸತ್ತ ಗೆಳೆಯನ ಹೆಸರು ಕೇಳಿದವನಂತೆ ನೋಡುತ್ತಾನೆ.

ಬರೆದುಕೊ. ಪೆನ್ನು ಇದೆಯಾ?
ಬಂದಿಯೋಡಿನ ಎಣ್ಣೆ ಮಿಲ್ಲಿನ ಹಿಂದೆ
ಕೊಬ್ಬರಿ ತೆಗೆದ ಚಿಪ್ಪಿನ ರಾಶಿ.
ಶನಿವಾರ ಹೋಗು. ಕಾವಲಿನ ಅಬೂಞಿ
ಬೇರೆ ಕಡೆ ನೋಡುತ್ತಾ
ಚೀಲದ ಬಾಯಿ ಹಿಡಿದುಕೊಡುತ್ತಾನೆ.
ಅಕ್ಷಯ ಕೇಂದ್ರದಲ್ಲಿ ಮೂರನೇ ಮೇಜು, ಶ್ರೀಜಿಷಾ.
ಕನ್ನಡ ಬಾರದು ಅವಳಿಗೆ,
ಆದರೂ ನೀನು ಹೇಳಿದ್ದನ್ನು ಎರಡೆರಡು ಸಲ ಓದಿ
ನಿನ್ನ ಮುಖ ನೋಡುತ್ತಾಳೆ, ಸರಿಯಾ ಎಂದು.
ನನ್ನ ಮೇಲ್ಮನವಿಗೆ ದುಡ್ಡು ಮುಟ್ಟಲಿಲ್ಲ.

ಮರಿಯುಮ್ಮನನ್ನು ಬರೆಯಬೇಡ,
ಅವಳು ನನ್ನ ನೆರೆಯವಳು, ನಿನಗೆ ಸಿಗುವುದಿಲ್ಲ.
"ನಿನ್ನ ಪಾತ್ರೆ ನನ್ನಲ್ಲೇ ಉಳಿದಿತ್ತು ನೋಡು,
ಖಾಲಿ ಕೊಡಬಾರದಲ್ಲ" ಎಂದು
ವಾರಕ್ಕೆ ಮೂರು ಸಲ ಬರುತ್ತಾಳೆ,
ಕುಚ್ಚಲಕ್ಕಿ, ಒಮ್ಮೆ ಬಂಗುಡೆ, ಒಮ್ಮೆ ಬರೀ ನುಗ್ಗೆಸೊಪ್ಪು.
ಆ ಪಾತ್ರೆ ನನ್ನದಲ್ಲ.
ನನ್ನಲ್ಲಿರುವುದು ನಾಲ್ಕೇ, ನಾಲ್ಕೂ ಮನೆಯಲ್ಲೇ ಇವೆ.
ನಾನೂ ಹೇಳಿಲ್ಲ, ಅವಳೂ ಕೇಳಿಲ್ಲ.
ಈಗ ಮನೆಯಲ್ಲಿ ಪಾತ್ರೆಗಳೇ ಪಾತ್ರೆಗಳು.

ನಾಚಿಕೆಯಾ?
ಮೊದಲ ಸಲ ಚಿಪ್ಪಿನ ಚೀಲದ ಮೇಲೆ
ಸೊಪ್ಪು ಮುಚ್ಚಿ ತಂದೆ, ದನಕ್ಕೆ ಎಂಬಂತೆ.
ದನ ಮಾರಿ ಎಂಟು ವರ್ಷ, ಊರಿಗೆಲ್ಲ ಗೊತ್ತು.
ಎರಡನೇ ಸಲ ಸೊಪ್ಪು ದಾರಿಯಲ್ಲೇ ಬಾಡಿತು.
ಆಮೇಲೆ ಮರೆತೇಹೋಯಿತು.

ನನ್ನ ಟೋಕನ್ನಾ? ಹತ್ತು ಗಂಟೆಗೇ ಮುಗಿಯಿತು.
ಒಂದು ತಿಂಗಳು ಬಿಟ್ಟು ಬರಬೇಕಂತೆ.
ಮನೆಯಲ್ಲಿ ಇವತ್ತು ಮಗಳಿದ್ದಾಳೆ, ಹಾಗೆ ಕೂತೆ.
ನೀನು ಬಾಗಿಲಲ್ಲಿ ನಿಂತು
ಕಾಗದ ತಲೆಕೆಳಗಾಗಿ ಹಿಡಿದಿದ್ದೆ.

ಕೇಳು, ಕರೆದರು: ನಾಲ್ಪತ್ತಿಯೊನ್ನ್.
ನೀನೇ. ಏಳು.
ಹೆಸರು ಕೇಳುತ್ತಾರೆ,
ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಹೇಳು.
ಕೊಡೆ ಇಲ್ಲಿಡು. ನಾನು ನೋಡಿಕೊಳ್ಳುತ್ತೇನೆ.