ಕ್ರಮಸಂಖ್ಯೆ ಹನ್ನೊಂದು

ಈ ರಿಜಿಸ್ಟರಿನಲ್ಲಿ ಹೆಸರು ಬರೆಯುವಂತಿಲ್ಲ.
ಕಾನೂನು ಹಾಗಿದೆ, ಒಳ್ಳೆಯದಕ್ಕೇ ಇದೆ.
ನಂಬರು ಬರಿ, ವಾರ ಬರಿ, ಕಾರಣ ಬರಿ,
ಬೀರುವಿಗೆ ಬೀಗ, ಬೀಗದ ಕೈ
ಯೂನಿಫಾರ್ಮಿನ ಎಡಜೇಬಿಗೆ.
ಹಾಗಾಗಿ ಅವಳನ್ನು ಹನ್ನೊಂದು ಅನ್ನುತ್ತೇನೆ.

ಹನ್ನೊಂದು ಬಂದದ್ದು ಜನವರಿಯ ರಾತ್ರಿ.
ರೋಬಸ್ಟಾ ಕೊಯ್ಲಿನ ವಾರ,
ಗೋಣಿಕೊಪ್ಪದ ತುಂಬ ಕಣದಲ್ಲಿ ಹುಳಿಯುವ ಹಣ್ಣಿನ ವಾಸನೆ.
ತಿತಿಮತಿ ಆಚೆಯ ಹಾಡಿಯಿಂದ ತೋಟದ ಜೀಪಿನಲ್ಲಿ,
ಹಿಂದಿನ ಸೀಟಿಗೆ ಗೋಣಿಚೀಲ ಹಾಸಿ.
ದಾರಿಯಲ್ಲಿ ಆನೆ. ಡ್ರೈವರು ದೀಪ ಆರಿಸಿ, ಇಂಜಿನ್ ಆರಿಸಿ
ಕಾದನಂತೆ ಇಪ್ಪತ್ತು ನಿಮಿಷ.
ನರಳಬೇಡ ಅಂದನಂತೆ.
ಅವಳು ನರಳಲಿಲ್ಲ.

ನೀರು ಹೋಗಿ ಮೂರು ದಿನ.
ಮೂರು ದಿನವೂ ಹಣ್ಣು ಕೊಯ್ದಿದ್ದಾಳೆ.
"ಉಚ್ಚೆ ಅಂದ್ಕೊಂಡೆ" ಅಂದಳು, ನಾಚಿ.
ಚೆಕ್‌ರೋಲಿನಲ್ಲಿ ಎರಡು ಪೂರ್ತಿ ಹಾಜರಿ, ಒಂದು ಅರ್ಧ.
ಇಪ್ಪತ್ತೆರಡು ವಾರ. ಜ್ವರ ನೂರಾ ಮೂರು.
ನಾಡಿ ಓಡುತ್ತಿದೆ, ಬಿಪಿ ಜಾರುತ್ತಿದೆ,
ಆ ವಾಸನೆ ನನಗೆ ಗೊತ್ತು,
ಮೂವತ್ತೊಂದು ವರ್ಷ ಸರ್ವೀಸಿನ ಮೂಗು ಇದು.
ಆದರೆ ಡಾಪ್ಲರ್ ಇಟ್ಟರೆ ಒಳಗೆ
ಟಕ ಟಕ ಟಕ ಟಕ,
ದೂರದ ತೋಟದಲ್ಲಿ ಯಾರೋ
ಪಂಪ್‌ಸೆಟ್ ಬಿಟ್ಟು ಮರೆತ ಹಾಗೆ.

ಡಾಕ್ಟರು ಹೊಸಬ, ಕುಷ್ಟಗಿ ಕಡೆಯವನು,
ನಮ್ಮ ಚಳಿಗೆ ಎರಡು ಸ್ವೆಟರು ಹಾಕುವ ಹುಡುಗ.
"ಸಿಸ್ಟರ್, ಹಾರ್ಟ್‌ಬೀಟ್ ಐತಲ್ಲ."
ಇದೆ ಡಾಕ್ಟ್ರೇ.
"ಇಪ್ಪತ್ತು ದಾಟೇತಿ, ಇಬ್ಬರ ಸಹಿ ಬೇಕಲ್ಲ."
ಎರಡನೆಯ ಸಹಿ ಆ ಹೊತ್ತು ಮಡಿಕೇರಿಯಲ್ಲಿ
ಫೋನೆತ್ತದೆ ಮಲಗಿತ್ತು.
"ನಾಳೆ ಯಾರರ ಕೇಸ್ ಹಾಕಿದ್ರ?"
ಕೈ ತೊಳೆದ. ಮತ್ತೆ ತೊಳೆದ.
ಅವನ ಮೇಲೆ ಈಗ ಸಿಟ್ಟಿಲ್ಲ.
ಆಗ ಇತ್ತು.

ಮೇಜಿನ ಗಾಜಿನ ಕೆಳಗೆ
ರಜಾಪಟ್ಟಿಗೂ ಗ್ಯಾಸ್ ಏಜೆನ್ಸಿಯ ಕಾರ್ಡಿಗೂ ನಡುವೆ
ಕಾಯ್ದೆಯ ಒಂದು ಹಾಳೆ, ನಾನೇ ತುರುಕಿದ್ದು.
ಉಗುರಲ್ಲಿ ಗಾಜೆತ್ತಿ ಎಳೆದು
ಗಟ್ಟಿಯಾಗಿ ಓದಿದೆ, ಮೂರನೇ ಕ್ಲಾಸಿನ ಹುಡುಗಿಯ ಹಾಗೆ:
ಹೆಂಗಸಿನ ಜೀವ ಉಳಿಯಲು ತಕ್ಷಣ ಬೇಕೆಂದು
ಸದ್ಭಾವನೆಯಿಂದ ಅನ್ನಿಸಿದರೆ
ವಾರದ ಲೆಕ್ಕವಿಲ್ಲ. ಒಬ್ಬರು ಸಾಕು.

ಸದ್ಭಾವನೆ.
ವರ್ಷಕ್ಕೊಮ್ಮೆ ಸಾಲಾಗಿ ನಿಂತು, ಕೈ ಮುಂದೆ ಚಾಚಿ
ಪ್ರತಿಜ್ಞೆ ಮಾಡುವ ಬ್ಯಾನರಿನ ಪದ ಅಂದುಕೊಂಡಿದ್ದೆ.

ತೋಟದ ರೈಟರು ಪೆನ್ನು ತೆಗೆದ: "ನಾನು ಹಾಕ್ಲಾ?"
ಗಂಡ ಹೆಬ್ಬೆರಳು ಮುಂದೆ ಮಾಡಿದ.
ಬೇಡ. ಅವಳದು. ಅವಳದು ಮಾತ್ರ.
ಕಾಫಿಹಣ್ಣಿನ ಜಿಗುಟಿಗೆ ಮೊದಲೇ ಕಪ್ಪಾದ ಬೆರಳು;
ಸ್ಪಿರಿಟ್ ಹಚ್ಚಿ ಒರೆಸಿ, ಮತ್ತೆ ಕಪ್ಪು ಮಾಡಿ ಒತ್ತಿಸಿದೆ.

ಹುಡುಗ ಸಹಿ ಹಾಕಿದ. ಅಕ್ಷರ ಸೊಟ್ಟಗಿತ್ತು.

ಬೆಳಗಿನ ಜಾವ ಹಸಿರು ಬಟ್ಟೆಯಲ್ಲಿ ಸುತ್ತುವಾಗ
ಒಂದೇ ಮಾತು ಕೇಳಿದಳು:
"ಅದಕ್ಕೆ ಚಳಿ ಆಗ್ತದಾ?"
ನಾನು ಇನ್ನೊಂದು ಸುತ್ತು ಸುತ್ತಿದೆ.

ಇನ್ನೊಂದು ರಿಜಿಸ್ಟರಿದೆ.
ಅದರಲ್ಲಿ ಹೆಸರು ಬರೆಯಲೇಬೇಕು.
ದೇವಕಿ. ಗಂಡ ಐತಪ್ಪ. ಪಾಲಿಬೆಟ್ಟ. ಇಪ್ಪತ್ತಾರು ವರ್ಷ.
ಎರಡು ವರ್ಷ ಹಿಂದೆ, ಇದೇ ಮೇಜು, ಇದೇ ಜ್ವರ,
ಗಾಜಿನ ಕೆಳಗೆ ಹಾಳೆ ಇರಲಿಲ್ಲ.
ಕಾದೆವು. ಟಕ ಟಕ ತಾನಾಗಿ ನಿಲ್ಲಲೆಂದು,
ನಾನು, ಆಗಿನ ಡಾಕ್ಟರು, ಗೋಡೆಯ ಗಡಿಯಾರ.
ನಿಂತಿತು.
ಒಂದೂವರೆ ಗಂಟೆ ಬಿಟ್ಟು ಅವಳದೂ.
ಹಾಳೆ ಬಂದದ್ದು ಆಮೇಲೆ.
ಕಾಯ್ದೆ ಮಾತ್ರ ಮೊದಲಿಂದಲೂ ಇತ್ತು.

ಹೋದ ವಾರ ಸಂತೆಯಲ್ಲಿ ಹನ್ನೊಂದು ಕಂಡಳು,
ಒಣಮೀನಿನವನ ಹತ್ತಿರ ಚೌಕಾಸಿ ಮಾಡುತ್ತ.
ನನ್ನ ಮುಖ ನೋಡಿದಳು, ಆಚೆ ನೋಡಿದಳು,
ಐದು ರೂಪಾಯಿ ಇಳಿಸಿಕೊಂಡು ಹೊರಟಳು.
ಕರೆಯಬಹುದಿತ್ತು. ಹೆಸರು ಗೊತ್ತಿತ್ತು.
ಎಡಜೇಬಿಗೆ ಕೈ ಹೋಯಿತು;
ಸಂತೆಗೆ ಉಟ್ಟ ಸೀರೆಗೆ ಜೇಬಿರಲಿಲ್ಲ.