ಹೆಬ್ಬೆಟ್ಟು

ಶಿಡ್ಲಘಟ್ಟದಲ್ಲಿ ಪ್ರದರ್ಶನಕ್ಕೆಂದು ಕೊಟ್ಟದ್ದು
ಬಾಗಿಲು ಮುಚ್ಚಿದ ನೂಲು ಬಿಚ್ಚುವ ಶೆಡ್ಡು,
ಗೋಡೆಗೆ ಇನ್ನೂ ಬೆಂದ ಹುಳದ ವಾಸನೆ.
ಸುಣ್ಣ ಹೊಡೆಸೋಣ ಎಂದೆ.
ಜುಬೇದಾಬಿ ನಕ್ಕಳು:
ಸುಣ್ಣಕ್ಕೆ ಹೋಗೋ ವಾಸನೆ ಆಗಿದ್ರೆ
ನಾನು ಮೈಗೇ ಬಳ್ಕೊಂತಿದ್ದೆ.

ಚೀಲದಲ್ಲಿ ನನ್ನ ಯೋಜನೆಯಿತ್ತು,
ರೇಷ್ಮೆಯ ಪರಂಪರೆ ಎಂದೇನೋ, ಹೊಳಪಿನ ಕಾಗದ.
ತೆಗೆಯುವ ಹೊತ್ತಿಗೆ ಪಾಪಚ್ಚಮ್ಮ
ನ್ಯಾಯಬೆಲೆ ಅಂಗಡಿಯಿಂದ
ಖಾಲಿ ಚೀಲ ಮಡಚಿಕೊಂಡು ಬಂದಳು.
ಯಂತ್ರಕ್ಕೆ ಅವಳ ಬೆರಳು ಕಾಣಲಿಲ್ಲವಂತೆ.
ಸೆರಗಿಗೆ ಒರೆಸಿ, ತಲೆಯ ಎಣ್ಣೆಗೆ ಸವರಿ,
ಎಡಗೈ ಬಲಗೈ ಮತ್ತೆ ಎಡಗೈ.
ಮೂವತ್ತು ವರ್ಷ ಕುದಿಯೋ ನೀರಲ್ಲಿ ಎಳೆ ಹುಡುಕಿದ್ದು,
ಗೂಡಿನ ಜೊತೆ ಗೆರೆನೂ ಬಿಚ್ಕೊಂಡು ಹೋಯ್ತು, ಎಂದಳು.

ಸಂಜೆ ಶಾಲೆಯಲ್ಲಿ ಅವಳು ಸಹಿ ಕಲಿತಿದ್ದಳು.
ನಡುವಿನ ಚ್ಚ ಒಂದಕ್ಕೇ ವಾರ ಹಿಡಿದಿತ್ತು.
ಹೆಬ್ಬೆಟ್ಟು ದಾಟಿ ಅಕ್ಷರಕ್ಕೆ ಬಂದವಳನ್ನು
ಯಂತ್ರ ಮತ್ತೆ ಹೆಬ್ಬೆಟ್ಟೇ ಕೇಳುತ್ತಿತ್ತು.

ಯೋಜನೆಯ ಹಾಳೆಗಳ ಬೆನ್ನಿಗೇ ಮೊದಲ ಮಸಿ ಬಿತ್ತು.
ಜುಬೇದಾಬಿಯ ಮೊಮ್ಮಗಳು, ಏಳನೇ ಕ್ಲಾಸಿನ ಮುಬೀನಾ
ಭೂತಗನ್ನಡಿ ಹಿಡಿದು ಎಲ್ಲರಿಗೂ ಪಾಠ ಮಾಡಿದಳು:
ಇದು ಸುಳಿ, ಇದು ಕುಣಿಕೆ, ಇದು ಕಮಾನು.
ತನ್ನ ಬೆರಳಲ್ಲಿ ಹದಿನೇಳು ಗೆರೆ ಎಣಿಸಿದಳು.
ಅಜ್ಜಿಯದಕ್ಕೆ ಬಂದು, ಗಾಜು ಒರೆಸಿ, ಮತ್ತೆ ಬಗ್ಗಿ,
ಸುಮ್ಮನಾದಳು.
ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಬರೆದುಕೊಂಡಳು.
ಮೇಷ್ಟ್ರು ತಿದ್ದಲಿಲ್ಲ.

ನಲವತ್ತೊಂದು ಹಾಳೆ, ಹಳೇ ಚಂದ್ರಂಕಿಗಳಿಗೆ ಸಿಕ್ಕಿಸಿದೆವು,
ಒಂದೊಂದರ ಕೆಳಗೂ ಒಂದು ಖಾಲಿ ಚೀಲ.
ಶೀರ್ಷಿಕೆ ಬರೆಯುವುದು ನನ್ನ ಕಸುಬು.
ನಾಲ್ಕು ರಾತ್ರಿ ಬರೆದೆ, ಹರಿದೆ;
ಅಸ್ಮಿತೆ ಎಂಬ ಪದ ಬಂದು ಬಂದು ಕೂತಿತು.
ಬಾಕಿ ಎಷ್ಟು ಕೇಜಿ ಅಂತ ಬರಿಯಮ್ಮ, ಸಾಕು,
ಎಂದಳು ಜುಬೇದಾಬಿ.
ಬರೆದೆ: ಜೂನ್, ಹದಿನೈದು ಕೇಜಿ.

ಆಹಾರ ಇಲಾಖೆಯ ಸಾಹೇಬರು ಕಲೆ ನೋಡಲು ಬಂದರು.
ಚೆನ್ನಾಗಿದೆ, ಮೋಡದ ಹಾಗೆ, ಎಂದರು.
ಪಾಪಚ್ಚಮ್ಮ ಅಭಿಪ್ರಾಯದ ಪುಸ್ತಕ ಮುಂದೆ ಚಾಚಿ
ಸಹಿ ಬೇಡ ಸಾರ್, ಹೆಬ್ಬೆಟ್ಟು ಒತ್ತಿ.
ಒತ್ತಿದರು. ಎಷ್ಟು ಚೆಂದ ಮೂಡಿತು!
ಆ ಪುಟ ಕಿತ್ತು ನಲವತ್ತೆರಡನೆಯದಾಗಿ ನೇತುಹಾಕಿದೆವು,
ಕೆಳಗೆ ಚೀಲ ಇಡದೆ.

ಈಗ ಅಂಗಡಿಯಲ್ಲಿ ಸಹಿಗೊಂದು ದಪ್ಪ ಪುಸ್ತಕವಿದೆ.
ಹನ್ನೊಂದು ಮನೆಗೆ ಅಕ್ಕಿ ಬಂತು.
ಮೂವತ್ತು ಹಾಳೆ ಗಾಳಿಗೆ ಇನ್ನೂ ಅಲ್ಲೇ ಆಡುತ್ತಿವೆ.
ಪಾಪಚ್ಚಮ್ಮ ತನ್ನದನ್ನು ಇಳಿಸಿಕೊಂಡು ಹೋದಳು.
ಸಂಗ್ರಹಕ್ಕೆ ಬೇಕಿತ್ತು ಎಂದು
ನಾನು ಓಡಿ ಅವಳ ಮನೆ ತಲುಪುವಷ್ಟರಲ್ಲಿ
ಅದರಿಂದಲೇ ಒಲೆ ಹೊತ್ತಿಸಿದ್ದಳು.
ಕೂತ್ಕೋ, ಎಂದಳು,
ಅನ್ನ ಇನ್ನೇನು ಇಳಿಸಬೇಕು.